ಸಮುರಾಯ್ ಕತ್ತಿ, ಕೌಬಾಯ್ ಪಿಸ್ತೂಲು ಸೇರಿದ್ರೆ ಯಾಕೆ ಇಷ್ಟು ಕಿಕ್ ಕೊಡುತ್ತೆ?

ರಾತ್ರಿಗೂಬೆ:
ನಿನ್ನೆ ಜಪಾನಿ ಡೈರೆಕ್ಟರ್ ಕುರೊಸಾವಾದು ಸಮುರಾಯ್ ಸಿನಿಮಾ ಯೊಜಿಂಬೊ (1961) ನೋಡ್ದೆ, ನಿದ್ದೆ ಬರ್ಲಿಲ್ಲ ಅಂತ ಅದೇ ಕಥೆ ಎತ್ಕೊಂಡು ಇಟಲಿಯ ಲಿಯೋನೆ ಮಾಡಿದ ಕೌಬಾಯ್ ಸಿನಿಮಾ ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್ (1964) ಕೂಡ ಹಾಕ್ಕೊಂಡೆ. ಎರಡು ಗ್ಯಾಂಗು, ಎಲ್ಲಿಂದಲೋ ಬಂದವನೊಬ್ಬ, ತಂದಿಟ್ಟು ತಮಾಷೆ ನೋಡ್ತಾನೆ (ಯೊಜಿಂಬೊದಲ್ಲಂತೂ ಅಟ್ಟಣಿಗೆ ಹತ್ತಿ ಕೂತೇ ನೋಡ್ತಾನೆ). ಮುಂದೇನಾಗುತ್ತೆ ಅಂತ ಗೊತ್ತಿದ್ರೂ ಎರಡನೇದನ್ನೂ ಉಸಿರು ಬಿಗಿಹಿಡ್ಕೊಂಡೇ ನೋಡ್ದೆ. ದೇಶ ಬೇರೆ, ಆಯುಧ ಬೇರೆ, ಆದ್ರೂ ಹೇಗೆ ಇಷ್ಟು ಸಲೀಸಾಗಿ ಹೊಂದ್ಕೊಳುತ್ತೆ? ಫ್ರೆಂಡ್ ಒಬ್ಬ "ಬರೀ ಸ್ಟೈಲ್ ಕಣೋ" ಅಂದ, ನಂಗ್ಯಾಕೋ ಒಪ್ಪಿಗೆ ಆಗ್ಲಿಲ್ಲ.

ಹಳೇರೀಲು:
ಸ್ಟೈಲೇ, ಆದ್ರೆ ಸ್ಟೈಲ್ ಇರೋದು ಹೊಡೆದಾಟದಲ್ಲಲ್ಲ, ಅದಕ್ಕೆ ಮುಂಚೆ ಕಾಯ್ಸೋದ್ರಲ್ಲಿ. ಕುರೊಸಾವಾದೇ ಸಂಜುರೊ (1962) ಕ್ಲೈಮ್ಯಾಕ್ಸ್ ನೋಡಿ. ಹೀರೋ ಮಿಫುನೆ, ವಿಲನ್ ನಕಡಾಯ್ ಎದುರಾಬದುರಾ ನಿಂತಿದ್ದಾರೆ, ಕೈ ಚಾಚಿದ್ರೆ ಸಿಗೋಷ್ಟು ಹತ್ರ, ಮ್ಯೂಸಿಕ್ ಇಲ್ಲ, ಇಬ್ರೂ ಅಲ್ಲಾಡಲ್ಲ, ಈಗ ಹೊಡೀತಾನೆ ಈಗ ಹೊಡೀತಾನೆ ಅಂತ ನಾವು ಕಾಯ್ತಾನೇ ಇರ್ತೀವಿ, ಆಮೇಲೆ ಒಂದೇ ಏಟು, ರಕ್ತ ಬುಗ್ಗೆ ಥರ ಚಿಮ್ಮುತ್ತೆ, ಮುಗೀತು. ಪಕ್ಕದಲ್ಲಿದ್ದ ಹುಡುಗ ಭೇಷ್ ಅಂತಾನೆ, ಗೆದ್ದವನು ಅವನ ಮೇಲೇ ರೇಗ್ತಾನೆ, ಸತ್ತವನೂ ನನ್ನಂಥವನೇ ಅಂತಾನೆ. ಆ ರೇಗಾಟ ನೋಡಿದಾಗೆಲ್ಲ ನಂಗೆ ಹೊಟ್ಟೆಯೊಳಗೆ ಏನೋ ಆಗುತ್ತೆ.

ಲಿಯೋನೆ ಹಿಡಿದಿದ್ದೂ ಆ ಕಾಯೋದನ್ನೇ. ಕಣ್ಣು, ಬೆರಳು, ಮತ್ತೆ ಕಣ್ಣು. ಅಲ್ಲಿ ಮೌನ, ಇಲ್ಲಿ ಮೊರಿಕೋನೆ ಮ್ಯೂಸಿಕ್, ಅಷ್ಟೇ ವ್ಯತ್ಯಾಸ.

ಧೂಳುದಾರಿ:
ಕಾಲಾನೂ ಒಂದೇ ಅನ್ನೋದು ಮರೀಬೇಡಿ. ಅಮೆರಿಕದ ಅಂತರ್ಯುದ್ಧ ಮುಗಿದಿದ್ದು 1865, ಜಪಾನಲ್ಲಿ ಶೋಗನ್ (ಸೇನಾಧಿಪತಿ) ಆಳ್ವಿಕೆ ಹೋಗಿ ಮೇಜಿ ಚಕ್ರವರ್ತಿ ಆಳ್ವಿಕೆ ಬಂದಿದ್ದು 1868, ಸಮುರಾಯ್‌ಗಳು ಕತ್ತಿ ಕಟ್ಕೊಂಡು ಓಡಾಡೋದಕ್ಕೇ ನಿಷೇಧ ಬಿದ್ದಿದ್ದು 1876. ಧಣಿ ಇಲ್ಲದ ಸಮುರಾಯ್ ಅಂದ್ರೆ ರೋನಿನ್, ನೆಲೆ ಇಲ್ಲದ ಬಂದೂಕುಗಾರ, ಇಬ್ರಿಗೂ ಗೊತ್ತಿರೋದು ಒಂದೇ ವಿದ್ಯೆ, ಅದಕ್ಕೆ ಇನ್ನು ಜಾಗ ಇಲ್ಲ. ಅದಕ್ಕೇ ಯೊಜಿಂಬೊದಲ್ಲಿ ವಿಲನ್ ಕಿಮೋನೊ ಒಳಗಿಂದ ಪಿಸ್ತೂಲು ತೆಗೆದಾಗ ಎದೆ ಧಸಕ್ ಅನ್ನೋದು.

ಕೊಡುಕೊಳ್ಳುವಿಕೆ ಮೊದ್ಲಿಂದ್ಲೂ ಇತ್ತು, ಕುರೊಸಾವಾಗೆ ಕೌಬಾಯ್ ಸಿನಿಮಾ ಮಾಡ್ತಿದ್ದ ಹಾಲಿವುಡ್ ಡೈರೆಕ್ಟರ್ ಜಾನ್ ಫೋರ್ಡ್ ಅಂದ್ರೆ ಪ್ರಾಣ. ಲಿಯೋನೆ ಮಾತ್ರ ಕೇಳದೇ ತಗೊಂಡು ಕೇಸ್ ಆಯ್ತು, ಕೊನೆಗೆ ಗಳಿಕೆಯಲ್ಲಿ 15% ಜಪಾನಿನವರಿಗೆ ಕೊಡಬೇಕಾಯ್ತು.

ಕಿರುಗತ್ತಿ:
ಆದ್ರೆ ಬೆರೆಸಿದ್ದೆಲ್ಲಾ ಗೆಲ್ಲಲ್ಲ ಗುರು. ಜಪಾನಿ ಡೈರೆಕ್ಟರ್ ಮೀಕೆ ಮಾಡಿದ ಸುಕಿಯಾಕಿ ವೆಸ್ಟರ್ನ್ ಜಾಂಗೊ (2007) ಬಣ್ಣ ನೋಡೋಕೆ ಹಬ್ಬ, ಜಪಾನಿ ನಟರೆಲ್ಲಾ ಇಂಗ್ಲಿಷ್‌ನಲ್ಲೇ ಮಾತಾಡ್ತಾರೆ, ಆದ್ರೆ ಯಾರು ಸತ್ರೂ ನಂಗೆ ಏನೂ ಅನ್ನಿಸ್ಲಿಲ್ಲ. ಈಸ್ಟ್‌ವುಡ್‌ನ ಕೌಬಾಯ್ ಸಿನಿಮಾ ಅನ್‌ಫರ್ಗಿವನ್‌ಗೆ 2013ರಲ್ಲಿ ಬಂದ ಜಪಾನಿ ರೀಮೇಕ್ ನೋಡಿ, ಹೊಕ್ಕೈಡೊ ದ್ವೀಪದ ಹಿಮ, ಹೀರೋ ಕೆನ್ ವತನಾಬೆ, ಕತ್ತಿ ಬಿಟ್ಟವನು ಮತ್ತೆ ಅದನ್ನ ಮುಟ್ಟೋದೇ ಬೇಡಪ್ಪಾ ಅನ್ಸುತ್ತೆ.

ರಾತ್ರಿಗೂಬೆ:
ಹಳೇರೀಲು, ನೀವು ಹೇಳಿದ್ಮೇಲೆ ಯೊಜಿಂಬೊ ಕೊನೆ ಭಾಗ ಮತ್ತೆ ಹಾಕಿ ನೋಡ್ದೆ. ಹೀರೋ ಏಟು ತಿಂದು ಗುಡಿಯೊಳಗೆ ಬಿದ್ಕೊಂಡಿದ್ದಾಗ ಗಾಳಿಗೆ ಹಾರಾಡೋ ಒಣ ಎಲೆಗೆ ಚಾಕು ಎಸೆದು ನೆಲಕ್ಕೆ ನಾಟಿಸ್ತಾನಲ್ಲ, ಮೊದಲ ಸಲ ಅದು ಸುಮ್ನೆ ಟೈಂಪಾಸ್ ಅನ್ಕೊಂಡಿದ್ದೆ. ಆಮೇಲೆ ಬೀದೀಲಿ ಅದೇ ಚಾಕು ಪಿಸ್ತೂಲು ಹಿಡಿದ ಕೈಗೆ ಹೋಗಿ ನಾಟುತ್ತೆ. ಇವತ್ತು ರಾತ್ರಿಗೆ ಸಂಜುರೊ.