ಆರೋಗ್ಯ ವಿಮೆ ಕಡ್ಡಾಯ ಆಗಬೇಕಾ? ಶಿವಮೊಗ್ಗದಿಂದ ನನ್ನ ಉತ್ತರ

ಅಮೆರಿಕದ ನಮ್ಮ ಕನ್ನಡಿಗರ ಗುಂಪಿನ ಎಲ್ಲರಿಗೂ ನಮಸ್ಕಾರ. ಆರೋಗ್ಯ ವಿಮೆಯನ್ನು ಸರ್ಕಾರ ಕಡ್ಡಾಯ ಮಾಡಬೇಕಾ ಬೇಡವಾ ಅಂತ ಇಲ್ಲಿ ನಡೆದಿರುವ ಚರ್ಚೆಯನ್ನೆಲ್ಲ ಓದಿದೆ. ಬಾಸ್ಟನ್ನಿನ ತಮ್ಮ "ನಾನು ಗಟ್ಟಿಮುಟ್ಟಾಗಿದ್ದೀನಿ, ನನ್ನ ದುಡ್ಡು ಯಾಕೆ ಕೊಡಬೇಕು" ಅಂತ ಕೇಳಿದ್ದಾರೆ. ಟೆಕ್ಸಾಸಿನ ಅಕ್ಕ "ಎಲ್ಲರೂ ಸೇರದಿದ್ದರೆ ಕಾಯಿಲೆ ಇರೋರ ಗತಿ ಏನು" ಅಂದಿದ್ದಾರೆ. ನಾನು ಅತ್ತೆ-ಮಾವನನ್ನು ನೋಡಿಕೊಳ್ಳಲು ಶಿವಮೊಗ್ಗಕ್ಕೆ ವಾಪಸ್ ಬಂದಿದ್ದೇನೆ. ನಮ್ಮ ಯಜಮಾನರು, ಮಗಳು ನ್ಯೂಜೆರ್ಸಿಯಲ್ಲೇ ಇದ್ದಾರೆ. ಎರಡೂ ಕಡೆಯ ವಿಮೆ ಕಾಗದ ನೋಡುವವಳು ನಾನೇ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಡ್ಡಾಯ ಬೇಕು. ಆದರೆ ಕೈಗೆಟುಕುವ ದರ ಮೊದಲು, ಕಡ್ಡಾಯ ಆಮೇಲೆ.

ಅಮೆರಿಕದಲ್ಲಿ ಇದು ಪಕ್ಷದ ಜಗಳ ಅಂತ ತುಂಬಾ ಜನ ತಿಳಿದಿದ್ದಾರೆ. ತಮ್ಮಾ, ನಿಮ್ಮ ಮ್ಯಾಸಚೂಸೆಟ್ಸ್‌ನಲ್ಲಿ ಈ ಕಾನೂನು ತಂದಿದ್ದು 2006ರಲ್ಲಿ, ಮಿಟ್ ರಾಮ್ನಿ ಗವರ್ನರ್ ಆಗಿದ್ದಾಗ. ಅವರು ರಿಪಬ್ಲಿಕನ್. ಅದನ್ನೇ ನೋಡಿಕೊಂಡು ಡೆಮಾಕ್ರಾಟ್ ಒಬಾಮಾ 2010ರ ಮಾರ್ಚ್ 23ರಂದು ಇಡೀ ದೇಶದ ಕಾನೂನಿಗೆ ಸಹಿ ಹಾಕಿದರು. 2014ರಿಂದ ವಿಮೆ ಇಲ್ಲದವರಿಗೆ ದಂಡ ಶುರುವಾಯಿತು. 2016ರ ಹೊತ್ತಿಗೆ ಅದು ಒಬ್ಬ ವಯಸ್ಕರಿಗೆ 695 ಡಾಲರ್, ಇಲ್ಲವೇ ಮನೆಯ ಆದಾಯದ ಶೇ. 2.5, ಯಾವುದು ಜಾಸ್ತಿಯೋ ಅದು. ಕೋರ್ಟಿನಲ್ಲೂ ದೊಡ್ಡ ಗುದ್ದಾಟವಾಯಿತು. 2012ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಇದನ್ನು ಎತ್ತಿಹಿಡಿಯಿತು. ವಿಮೆ ಕೊಳ್ಳಲೇಬೇಕು ಅಂತ ಕೇಂದ್ರ ಸರ್ಕಾರ ವ್ಯಾಪಾರದ ಮೇಲೆ ತನಗಿರುವ ಅಧಿಕಾರ ಬಳಸಿ ಆಜ್ಞೆ ಮಾಡುವ ಹಾಗಿಲ್ಲ, ಕೊಳ್ಳದವರ ಮೇಲೆ ತೆರಿಗೆ ಹಾಕಬಹುದು ಅಂತ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದರು. ಅಂದರೆ ನಿಮ್ಮ ಸ್ವಾತಂತ್ರ್ಯದ ಪ್ರಶ್ನೆಯನ್ನು ಕೋರ್ಟ್ ತಳ್ಳಿಹಾಕಲಿಲ್ಲ. ಅದಕ್ಕೊಂದು ಬೆಲೆ ಇಡಬಹುದು ಅಂತ ಮಾತ್ರ ಹೇಳಿತು.

ಇಷ್ಟೆಲ್ಲ ಬಲವಂತ ಯಾಕೆ ಬೇಕಾಯಿತು? ಅದೇ ಕಾನೂನು ವಿಮೆ ಕಂಪನಿಗಳ ಕೈಯನ್ನೂ ಕಟ್ಟಿತು. ಮೊದಲೇ ಕಾಯಿಲೆ ಇದೆ ಅಂತ ಯಾರನ್ನೂ ವಾಪಸ್ ಕಳಿಸುವ ಹಾಗಿಲ್ಲ, ಅದಕ್ಕಾಗಿ ಜಾಸ್ತಿ ಪ್ರೀಮಿಯಂ ಕೇಳುವ ಹಾಗೂ ಇಲ್ಲ. ಹಾಗಿರುವಾಗ ಆರೋಗ್ಯವಾಗಿರುವವರು ಕಾಯಿಲೆ ಬಂದ ಮೇಲೆ ಸೇರ್ತೀನಿ ಅಂತ ಕೂತರೆ, ಒಳಗೆ ಉಳಿಯುವವರು ಕಾಯಿಲೆಯವರು ಮಾತ್ರ. ಪ್ರೀಮಿಯಂ ಏರುತ್ತದೆ, ಏರಿದ ಹಾಗೆ ಇನ್ನಷ್ಟು ಜನ ಬಿಡುತ್ತಾರೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆಗೆ ಬೋರ್ಡೋ (ಮೈಲುತುತ್ತ-ಸುಣ್ಣದ ಔಷಧಿ) ಹೊಡೆಯುವುದು ಕೊಳೆ ರೋಗ ಬರುವ ಮೊದಲು. ಕಾಯಿ ಉದುರಲು ಶುರುವಾದ ಮೇಲೆ ಹೊಡೆದು ಪ್ರಯೋಜನವಿಲ್ಲ, ಪಕ್ಕದ ತೋಟದವರು ಹೊಡೆಯದಿದ್ದರೆ ನಮ್ಮ ತೋಟಕ್ಕೂ ತೊಂದರೆ ತಪ್ಪಿದ್ದಲ್ಲ.

ಹಾಗಾದರೆ ದಂಡವೇ ಸಾಕಾ? ಸಾಲದು. 2017ರ ಡಿಸೆಂಬರಿನ ತೆರಿಗೆ ಕಾನೂನು ಆ ದಂಡವನ್ನು ಸೊನ್ನೆಗೆ ಇಳಿಸಿತು, 2019ರಿಂದ ಜಾರಿಗೂ ಬಂತು. ಮಾರುಕಟ್ಟೆ ಕುಸಿದೇಬಿಡುತ್ತದೆ ಅಂತ ಎಷ್ಟೋ ಜನ ಹೇಳಿದರು, ಕುಸಿಯಲಿಲ್ಲ. ಕಾರಣ, ಪ್ರೀಮಿಯಂ ಕಟ್ಟಲು ಸರ್ಕಾರ ಕೊಡುವ ಸಬ್ಸಿಡಿ. 2021ರಲ್ಲಿ ಸಬ್ಸಿಡಿ ಹೆಚ್ಚಿಸಿದ ಮೇಲೆ ಮಾರ್ಕೆಟ್‌ಪ್ಲೇಸ್‌ನಲ್ಲಿ, ಅಂದರೆ ಈ ಕಾನೂನಿನಡಿಯ ವಿಮೆ ಮಾರುಕಟ್ಟೆಯಲ್ಲಿ, ಸೇರುವವರ ಸಂಖ್ಯೆಯೂ ಏರಿತು, 2025ಕ್ಕೆ 2 ಕೋಟಿ 40 ಲಕ್ಷದ ಆಸುಪಾಸಿಗೆ ಬಂತು. ಆ ಹೆಚ್ಚುವರಿ ಸಬ್ಸಿಡಿಯ ಅವಧಿ ಇದ್ದದ್ದು 2025ರ ಕೊನೆಯವರೆಗೆ. ಅದನ್ನು ಮುಂದುವರಿಸುವ ವಿಷಯಕ್ಕೇ ಆ ವರ್ಷದ ಅಕ್ಟೋಬರ್ 1ರಿಂದ ಸರ್ಕಾರದ ಕಚೇರಿಗಳು ಬಾಗಿಲು ಹಾಕಿದ್ದನ್ನು ನೀವೆಲ್ಲ ಅಲ್ಲೇ ಕಂಡಿದ್ದೀರಿ. ನನಗೆ ಇದರಿಂದ ಅನಿಸಿದ್ದು ಇಷ್ಟು: ಜನ ದಂಡಕ್ಕೆ ಹೆದರಿ ಬರುವುದಕ್ಕಿಂತ, ಕೊಡಲು ಆಗುವಂತಿದ್ದರೆ ತಾವೇ ಬರುತ್ತಾರೆ.

ಊರಿನ ಕಡೆ ಬಂದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಸಹಕಾರ ಸಂಘಗಳ ಸದಸ್ಯರಿಗಿರುವ ಆರೋಗ್ಯ ಯೋಜನೆ ಯಶಸ್ವಿನಿ ನೆನಪಿದೆ ಅಲ್ವಾ? 2003ರಲ್ಲಿ ಶುರುವಾದಾಗ ತಿಂಗಳಿಗೆ 5 ರೂಪಾಯಿಯ ಲೆಕ್ಕದಲ್ಲಿ ವರ್ಷಕ್ಕೆ 60 ರೂಪಾಯಿ. ಕಾನೂನಿನ ಕಡ್ಡಾಯ ಏನೂ ಇರಲಿಲ್ಲ. ಆದರೆ ಸೇರುವುದು ಸಹಕಾರ ಸೊಸೈಟಿ ಮೂಲಕ. ಗೊಬ್ಬರಕ್ಕೋ ಸಾಲಕ್ಕೋ ಸೊಸೈಟಿಗೆ ಹೋದವರಿಗೆ "ಯಶಸ್ವಿನಿ ಮಾಡ್ಸಿದ್ರಾ?" ಅಂತ ಕೇಳುತ್ತಿದ್ದರು. ಹಾಗಾಗಿ ಕಾಯಿಲೆ ಇದ್ದವರ ಜೊತೆ ಇಲ್ಲದವರೂ ಸೇರಿದರು. 2018ರಲ್ಲಿ ಅದನ್ನು ರಾಜ್ಯ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಸಿದರು, ಆಮೇಲೆ ಮತ್ತೆ ಬೇರೆಯಾಗಿ ಶುರು ಮಾಡಿದರು. ನಡುವೆ ಅದು ಇಲ್ಲದ ವರ್ಷಗಳಲ್ಲಿ ಹಳ್ಳಿಯವರು ಅದನ್ನು ನೆನೆಸಿಕೊಳ್ಳುತ್ತಲೇ ಇದ್ದರು.

ನಮ್ಮ ಮಾವನ ತೋಟದ ಪಕ್ಕದಲ್ಲಿ ಔಷಧಿ ಹೊಡೆಯುವಾಗ ಒಬ್ಬ ಕೊನೆಗಾರ ಮರದಿಂದ ಬಿದ್ದ. ಮಳೆ ಹನಿಯುತ್ತಿತ್ತು, ಕೈಮೇಲೆಲ್ಲ ಮೈಲುತುತ್ತದ ನೀಲಿ. ಹಾಗೇ ಓಮ್ನಿಯಲ್ಲಿ ಮಲಗಿಸಿಕೊಂಡು ಹೋದರು. ಅವನ ಹೆಂಡತಿ ರೇಷನ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿದ್ದೂ ಅದನ್ನೇ. ಬಿಪಿಎಲ್ ಕಾರ್ಡಿನ ಮನೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಆಪರೇಷನ್ ಅದರಲ್ಲೇ ಆಯಿತು. ಆದರೆ ತಿಂಗಳುಗಟ್ಟಲೆ ಕೂಲಿ ಹೋಯಿತಲ್ಲ, ಅದಕ್ಕೆ ಯಾವ ಕಾರ್ಡೂ ಇಲ್ಲ. ಇತ್ತ ಅದೇ ತೋಟದ ಮಾಲೀಕರದು ಎಪಿಎಲ್ ಕಾರ್ಡು. ಅವರಿಗೆ ಅದೇ ಯೋಜನೆಯಲ್ಲಿ ಸಿಗುವುದು ಪ್ಯಾಕೇಜ್ ದರದ ಶೇ. 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಎರಡು ಎಕರೆ ಅಡಿಕೆ ಇರುವವರ ಮನೆಯಲ್ಲಿ ಒಂದು ಹಾರ್ಟ್ ಆಪರೇಷನ್ ಆದರೆ ಒಂದು ಬೆಳೆಯ ದುಡ್ಡು ಪೂರ್ತಿ ಹೋಗುತ್ತದೆ. ನಮ್ಮ ಗುಂಪಿನ ಹೆಚ್ಚಿನವರ ಅಪ್ಪ-ಅಮ್ಮ ಇರುವುದು ಇಲ್ಲೇ, ಈ ನಡುವಿನ ಜಾಗದಲ್ಲಿ.

ಭಾರತದಲ್ಲಿ ಕಡ್ಡಾಯವೇ ಇಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳನ್ನು ಕೇಳಿ ನೋಡಿ, ಅವರ ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಹಿಡಿಯುತ್ತಾರೆ. 1948ರ ಕಾನೂನಿನಲ್ಲಿ ಶುರುವಾದದ್ದು ಅದು. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಕ್ಕೆ ನೌಕರರಿಂದ ಶೇ. 0.75, ಮಾಲೀಕರಿಂದ ಶೇ. 3.25. ಕಾಯಿಲೆಯ ರಜೆಗೂ, ಹೆರಿಗೆಗೂ ಅದರಲ್ಲಿ ಹಣ ಸಿಗುತ್ತದೆ. ಮರ ಹತ್ತುವವನಿಗೆ, ಗದ್ದೆ ನಾಟಿಗೆ ಹೋಗುವವಳಿಗೆ ಅಂಥದ್ದು ಯಾಕೆ ಇರಬಾರದು? ಕಡ್ಡಾಯದ ಬಗ್ಗೆ ಪಾರ್ಲಿಮೆಂಟಿನಲ್ಲಿ ಮಾತಾಡುವುದಿದ್ದರೆ ಇಲ್ಲಿಂದ ಶುರು ಮಾಡಲಿ ಅಂತ ನನ್ನ ಆಸೆ.

ಇನ್ನು ಕಾರ್ಡು ಕೈಯಲ್ಲಿದ್ದರೂ ಆಸ್ಪತ್ರೆ ದೂರ ಇದ್ದರೆ ಏನು ಮಾಡುವುದು? ದೊಡ್ಡ ತೊಂದರೆ ಆದರೆ ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆ, ಇಲ್ಲವೇ ಆಗುಂಬೆ ಘಾಟಿ ಇಳಿದು ಮಣಿಪಾಲ. ರಾತ್ರಿ, ಮಳೆಯಲ್ಲಿ, ಆ ತಿರುವುಗಳಲ್ಲಿ ಆಂಬುಲೆನ್ಸ್ ಇಳಿಯುವುದನ್ನು ನೋಡಿದವರಿಗೆ ಗೊತ್ತು. ಪ್ರೀಮಿಯಂ ಕಡ್ಡಾಯ ಮಾಡುವ ಸರ್ಕಾರ ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರ್ ಇರುವುದನ್ನೂ ಕಡ್ಡಾಯ ಮಾಡಬೇಕು.

ಬಾಸ್ಟನ್ನಿನ ತಮ್ಮನಿಗೂ, ಅವರ ವಯಸ್ಸಿನವರಿಗೂ ಎರಡು ಮಾತು. ಅಮೆರಿಕದಲ್ಲಿ ಮಕ್ಕಳು 26 ತುಂಬುವವರೆಗೆ ಅಪ್ಪ-ಅಮ್ಮನ ವಿಮೆಯಲ್ಲಿ ಇರಬಹುದು. ಅದು ಮುಗಿದ ಮೇಲೆ ಮಾರ್ಕೆಟ್‌ಪ್ಲೇಸ್‌ನಲ್ಲಿ ಹೊಸದು ಆರಿಸಿಕೊಳ್ಳಲು 60 ದಿನ ಇರುತ್ತದೆ. ನಮ್ಮ ಮಗಳಿಗೂ ಆ ವಯಸ್ಸು ಹತ್ತಿರ ಬಂದಿದೆ, "ಒಂದು ವರ್ಷ ಬಿಟ್ಟರೆ ಏನಮ್ಮಾ" ಅಂತ ಅವಳೂ ಕೇಳಿದಳು. ನ್ಯೂಜೆರ್ಸಿಯಲ್ಲಿ 2019ರಿಂದ ರಾಜ್ಯದ್ದೇ ಕಡ್ಡಾಯ ಇದೆ, ವಿಮೆ ಇತ್ತಾ ಅಂತ ರಾಜ್ಯದ ತೆರಿಗೆ ಫಾರ್ಮಿನಲ್ಲಿ ಹೇಳಬೇಕು. ಅದಕ್ಕಿಂತ ಮುಖ್ಯವಾಗಿ, ಅವಳ ಪ್ರೀಮಿಯಂ ಇವತ್ತು ಇನ್ಯಾರದೋ ಅಮ್ಮನ ಡಯಾಲಿಸಿಸ್‌ಗೆ ಹೋಗುತ್ತದೆ ಅಂತ ನಾನು ಹೇಳಿದೆ. ಒಪ್ಪಿಕೊಂಡಳು.

ವಾಪಸ್ ಬಂದು ಊರಲ್ಲಿ ನೆಲೆಸುವ ಯೋಚನೆ ಇರುವವರು ಬರುವ ಮೊದಲೇ ಇಲ್ಲಿನ ಪಾಲಿಸಿ ಮಾಡಿಸಿ. ಅನಿವಾಸಿಗಳೂ ತೆಗೆದುಕೊಳ್ಳಬಹುದು. ಮೊದಲೇ ಇರುವ ಶುಗರ್, ಬಿಪಿಗೆ ಕಂಪನಿಗಳು 3 ವರ್ಷದವರೆಗೆ ಕಾಯಿಸಬಹುದು, ಆ ಕಾಲ ನೀವು ಅಲ್ಲಿರುವಾಗಲೇ ಕಳೆಯಲಿ. 2024ರ ಏಪ್ರಿಲ್‌ನಿಂದ 65 ದಾಟಿದವರಿಗೆ ಪಾಲಿಸಿ ಇಲ್ಲ ಅನ್ನುವ ಮಿತಿಯೂ ಹೋಗಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18 ಜಿಎಸ್‌ಟಿಯೂ ಇಲ್ಲ. ಅಪ್ಪ-ಅಮ್ಮನ ಊರಿನ ಸೊಸೈಟಿಗೆ ಒಂದು ಫೋನ್ ಮಾಡಿ ಈ ವರ್ಷದ ಯಶಸ್ವಿನಿ ನೋಂದಣಿ ಯಾವಾಗ ಅಂತಲೂ ಕೇಳಿಕೊಳ್ಳಿ. ತೋಟ ಇರುವವರು ನಿಮ್ಮ ಕೊನೆಗಾರರ ಹೆಸರಿನಲ್ಲಿ ಒಂದು ಅಪಘಾತ ವಿಮೆ ಮಾಡಿಸಲು ಮನೆಯವರಿಗೆ ಹೇಳಿ. ನಾವು ಈ ಸಲ ಔಷಧಿ ಹೊಡೆಯುವ ಮೊದಲೇ ಮಾಡಿಸಿದ್ದೇವೆ.