ಲೈನ್ ಫಾಲೋವರ್ ಓಡುತ್ತದೆ, ಟೈಮರ್ ಮತ್ತು ಇಂಟರಪ್ಟ್ ಮಾತ್ರ ತಲೆಗೆ ಹತ್ತುತ್ತಿಲ್ಲ

ಪ್ರಶ್ನೆ:
ಎಂಬೆಡೆಡ್ ಲ್ಯಾಬನ್ನು ಲೈನ್ ಫಾಲೋವರ್ ರೋಬೋ ಮೂಲಕ ಕಲಿಸುತ್ತಿದ್ದೇವೆ. ಆರ್ಡುಯಿನೊ ಊನೊ, ಮೋಟರ್ ಓಡಿಸುವ ಎಲ್298ಎನ್ ಡ್ರೈವರ್, ನಾಲ್ಕು ಎಎ ಸೆಲ್, ಎನ್‌ಕೋಡರ್ (ಚಕ್ರದ ಸುತ್ತು ಎಣಿಸುವ ಸೆನ್ಸರ್) ಇರುವ ಎರಡು ಗೇರ್ ಮೋಟರ್. ರೋಬೋ ಗೆರೆ ಬಿಡದೆ ಓಡುತ್ತದೆ. ಆದರೆ ವೈವಾದಲ್ಲಿ ಪಿಡಬ್ಲ್ಯುಎಂ (ಮೋಟರ್ ವೇಗ ನಿಯಂತ್ರಿಸುವ ಆನ್-ಆಫ್ ಪಲ್ಸ್) ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಎಲ್ಲರೂ ಮೌನ. ಏನು ಬದಲಿಸಬೇಕು?

ಉತ್ತರ 1:
ಬೋರ್ಡ್ ಇರಲಿ ಮೇಡಂ, ಸಿದ್ಧ ಕೋಡಿನ ಲೈಬ್ರರಿ ತೆಗೆಸಿ. ಚಿಪ್ಪಿನೊಳಗೆ ಗಡಿಯಾರದ ತಾಳ ಎಣಿಸುವ ಟೈಮರ್ 1ರ ರಿಜಿಸ್ಟರ್‌ಗಳನ್ನು (ಅದರ ಸೆಟ್ಟಿಂಗ್ ಇಡುವ ಜಾಗಗಳು) ಅವರೇ ಬರೆಯಲಿ: ಫಾಸ್ಟ್ ಪಿಡಬ್ಲ್ಯುಎಂ ಮೋಡ್ 14, ಪ್ರೀಸ್ಕೇಲರ್ (ಗಡಿಯಾರದ ವೇಗ ಭಾಗಿಸುವ ಸಂಖ್ಯೆ) 1, ಐಸಿಆರ್1 (ಎಣಿಕೆಯ ಮಿತಿ) = 799. ಎಣಿಕೆ 0ಯಿಂದ ಶುರು, ಹಾಗಾಗಿ 16 ಮೆಗಾಹರ್ಟ್ಸ್ ಭಾಗಿಸು 800, ಅಂದರೆ 20 ಕಿಲೋಹರ್ಟ್ಸ್. ಪಿನ್ 9ಕ್ಕೆ ಆಸಿಲೋಸ್ಕೋಪ್ ಹಿಡಿದು ತಾಳೆ ನೋಡಲಿ.

ಆಮೇಲೆ ಟೈಮರ್ 2: ಸಿಟಿಸಿ ಮೋಡ್ (ಮಿತಿ ಮುಟ್ಟಿದರೆ ಎಣಿಕೆ ಮತ್ತೆ ಸೊನ್ನೆ), ಪ್ರೀಸ್ಕೇಲರ್ 1024, ಓಸಿಆರ್2ಎ (ಆ ಮಿತಿ) = 77. ಸುಮಾರು 5 ಮಿಲಿಸೆಕೆಂಡಿಗೊಂದು ಇಂಟರಪ್ಟ್ (ನಡೆಯುತ್ತಿರುವ ಕೆಲಸ ತಡೆದು ಓಡುವ ಪುಟ್ಟ ಕೋಡ್). ಅದರೊಳಗೆ ಫ್ಲ್ಯಾಗ್ ಏರಿಸುವುದಷ್ಟೇ, ಪಿಐಡಿ ಲೆಕ್ಕ (ಗೆರೆಯಿಂದ ಎಷ್ಟು ಸರಿದಿದೆ ನೋಡಿ ಮೋಟರ್ ತಿದ್ದುವ ಲೆಕ್ಕ) ಮುಖ್ಯ ಲೂಪಿನಲ್ಲಿ. ಲೆಕ್ಕ ಶುರುವಾದಾಗ ಒಂದು ಖಾಲಿ ಪಿನ್ ಹೈ, ಮುಗಿದಾಗ ಲೋ.

ಈಗ ಬೇಕೆಂದೇ ಸೆಕೆಂಡಿಗೆ 9600 ಬಿಟ್ ಸಾಗುವ 9600 ಬಾಡ್‌ನಲ್ಲಿ ಪ್ರತಿ ಸುತ್ತಿಗೂ 20 ಅಕ್ಷರ ಪ್ರಿಂಟ್ ಮಾಡಿಸಿ. ಒಂದು ಅಕ್ಷರಕ್ಕೆ 1 ಮಿಲಿಸೆಕೆಂಡಿಗೂ ತುಸು ಹೆಚ್ಚು ಬೇಕು. ಕಳಿಸಬೇಕಾದ ಅಕ್ಷರ ಕಾಯುವ 64 ಬೈಟಿನ ಬಫರ್ ತುಂಬಿದ ಕೂಡಲೇ ಪ್ರೋಗ್ರಾಂ ಕಾಯುತ್ತಾ ನಿಲ್ಲುತ್ತದೆ, 5 ಮಿಲಿಸೆಕೆಂಡಿನ ತಾಳ 20 ದಾಟುತ್ತದೆ, ರೋಬೋ ತಿರುವಿನಲ್ಲಿ ಓಲಾಡುತ್ತದೆ. ರಿಯಲ್ ಟೈಮ್ (ಗೊತ್ತಾದ ಸಮಯದೊಳಗೆ ಕೆಲಸ ಮುಗಿಯಲೇಬೇಕು ಎಂಬುದು) ಅಂದರೇನು ಎಂಬುದು ಸ್ಕೋಪಿನ ಪರದೆಯಲ್ಲೇ ಕಾಣುತ್ತದೆ. ಅಂಕವನ್ನೂ ಈ ಅಳತೆಗೇ ಕೊಡಿ. ಲ್ಯಾಪ್ ಸಮಯಕ್ಕೆ ಕೊಟ್ಟರೆ ಕೋಡ್ ನಕಲಾಗುವುದು ಖಂಡಿತ.

ಉತ್ತರ 2:
ಡ್ರೈವರ್ ಬದಲಿಸಿದರೆ ಒಳ್ಳೆಯದು. ಎಲ್298ಎನ್ ಒಳಗಿರುವುದು ಬೈಪೋಲಾರ್ ಟ್ರಾನ್ಸಿಸ್ಟರ್, ಅದರಲ್ಲೇ ಸುಮಾರು 2 ವೋಲ್ಟ್ ಹೋಗುತ್ತದೆ. 6 ವೋಲ್ಟಿನಲ್ಲಿ ಮೋಟರಿಗೆ ಉಳಿಯುವುದು ನಾಲ್ಕೇ, ಮಕ್ಕಳು ಸುಮ್ಮನೆ ಕೆಪಿ (ಪಿಐಡಿ ಲೆಕ್ಕದ ಒಂದು ಗುಣಕ) ತಿರುಗಿಸುತ್ತಾ ಕೂರುತ್ತಾರೆ. ಟಿಬಿ6612ಎಫ್‌ಎನ್‌ಜಿಯಲ್ಲಿ ಮಾಸ್‌ಫೆಟ್ ಇದೆ, ನಷ್ಟ ಕಡಿಮೆ. ಆದರೆ ಒಂದು ಚಾನೆಲ್‌ಗೆ ನಿರಂತರ 1.2 ಆಂಪಿಯರ್ ಮಾತ್ರ, ಮೊದಲು ಸ್ಟಾಲ್ ಕರೆಂಟ್ (ಮೋಟರ್ ತಿರುಗದಂತೆ ಹಿಡಿದಾಗ ಹರಿಯುವ ಕರೆಂಟ್) ಅಳೆಸಿ. ಮೋಟರ್ ಹೊರಟ ಕ್ಷಣ ಬೋರ್ಡ್ ರೀಸೆಟ್ ಆಗುತ್ತಿದ್ದರೆ ಡ್ರೈವರಿನ ಮೋಟರ್ ಸಪ್ಲೈಗೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್, ಮೋಟರ್ ತುದಿಗಳಿಗೆ 0.1 ಮೈಕ್ರೋಫ್ಯಾರಡಿನ ಸೆರಾಮಿಕ್ ಕೆಪಾಸಿಟರ್. ಬೋರ್ಡಿಗೆ ಬೇರೆ ಬ್ಯಾಟರಿ ಕೊಟ್ಟರೂ ಗ್ರೌಂಡ್ ಒಂದೇ ಇರಬೇಕು.

ಪ್ರಶ್ನೆ ಕೇಳಿದವರು:
ಧನ್ಯವಾದ. ಎನ್‌ಕೋಡರ್ ಎಣಿಕೆ ಆಗೊಮ್ಮೆ ಈಗೊಮ್ಮೆ ನೂರಾರು ಜಿಗಿಯುತ್ತದೆ. ವೇರಿಯಬಲ್ಲಿಗೆ ವೊಲಟೈಲ್ (ಪ್ರತಿ ಸಲ ಮೆಮೊರಿಯಿಂದಲೇ ಓದು ಎನ್ನುವ ಗುರುತು) ಹಾಕಿದ್ದಾರೆ. ವಿದ್ಯುತ್ ನಾಯ್ಸ್ ಇರಬಹುದೇ?

ಉತ್ತರ 3:
ನಾಯ್ಸ್ ಆದರೆ ಒಂದೆರಡು ಎಣಿಕೆ ತಪ್ಪುವುದೇ ಹೆಚ್ಚು. ಇದು ಓದುವ ರೀತಿಯ ದೋಷ ಅನಿಸುತ್ತದೆ. 8 ಬಿಟ್ ಪ್ರೊಸೆಸರ್ 16 ಬಿಟ್ ಸಂಖ್ಯೆಯನ್ನು ಎರಡು ಸಲಕ್ಕೆ ಓದುತ್ತದೆ. ಎಣಿಕೆ 255 ಇದ್ದಾಗ ಕೆಳಗಿನ ಬೈಟ್ ಓದಿ ಆಯಿತು ಅನ್ನಿ, ಅಷ್ಟರಲ್ಲಿ ಇಂಟರಪ್ಟ್ ಬಂದು ಅದು 256 ಆಯಿತು, ಮೇಲಿನ ಬೈಟ್ ಈಗ 1. ಕೈಗೆ ಸಿಗುವುದು 511. ವೊಲಟೈಲ್ ಇದನ್ನು ತಡೆಯುವುದಿಲ್ಲ. ಇಂಟರಪ್ಟ್ ನಿಲ್ಲಿಸಿ, ಇನ್ನೊಂದು ವೇರಿಯಬಲ್‌ಗೆ ಪ್ರತಿ ತೆಗೆದು, ಕೂಡಲೇ ಮತ್ತೆ ಆನ್ ಮಾಡಬೇಕು. ಪರಿಹಾರ ಹೇಳುವ ಮೊದಲು ಮಕ್ಕಳೇ ಅದನ್ನು ಹಿಡಿಯಲಿ: ಚಕ್ರ ಓಡುತ್ತಿರುವಾಗ ಬಿಡುವಿಲ್ಲದೆ ಎಣಿಕೆ ಓದುವ ಲೂಪ್ ಬರೆಸಿ, ಹಿಂದಿನದಕ್ಕಿಂತ 100 ಮೀರಿ ವ್ಯತ್ಯಾಸ ಬಂದರೆ ಎಲ್‌ಇಡಿ ಉರಿಯಲಿ.