‘ಗುಹಾನಿಕ್ಷೇಪ’ ಬೇಡವೆಂದರೆ ಮತ್ತೇನು?

ಬಳಗದ ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಗವಿಯೊಳಗೆ ಸುಣ್ಣದ ನೀರು ಜಿನುಗಿ ಬೆಳೆದ ಕಲ್ಲುಗಳನ್ನು ನೋಡಿ ಸಾವಿರಾರು ವರ್ಷಗಳ ಹಿಂದೆ ಮಳೆ ಹೇಗಿತ್ತು ಎಂದು ತಿಳಿಯುವ ವಿಷಯ. ಇಂಥ ಕಲ್ಲುಗಳಿಗೆಲ್ಲ ಸೇರಿಸಿ ಇಂಗ್ಲಿಷಿನಲ್ಲಿ ಸ್ಪೀಲಿಯೋಥೆಮ್ ಎನ್ನುತ್ತಾರೆ. ನಾನು ‘ಗುಹಾನಿಕ್ಷೇಪ’ ಎಂದು ಬರೆದಿದ್ದೆ. ತಂಗಿಯ ಮಗಳು ಓದಿ, “ಗುಹೇಲಿ ಬಂಗಾರ ಸಿಕ್ತಾ ಮಾಮ?” ಅಂದಳು.

ತಪ್ಪು ಅವಳದಲ್ಲ. ಪತ್ರಿಕೆಗಳಲ್ಲಿ ನಿಕ್ಷೇಪವೆಂದರೆ ಚಿನ್ನದ್ದು, ಇಲ್ಲವೇ ಕಬ್ಬಿಣದ ಅದಿರಿನದ್ದು. ಶಾಸನಗಳಲ್ಲಿ ‘ನಿಧಿ ನಿಕ್ಷೇಪ ಜಲ ಪಾಷಾಣ’ ಎಂದು ಅಷ್ಟಭೋಗ (ಭೂಮಿಯ ಮೇಲಿನ ಎಂಟು ಬಗೆಯ ಹಕ್ಕು) ಎಣಿಸುವಾಗಲೂ ಅದು ಹೂತಿಟ್ಟ ಸೊತ್ತೇ. (ನನಗೆ ಬೇಕಾದ ಜಲವೂ ಪಾಷಾಣವೂ ಅದೇ ಸಾಲಿನಲ್ಲಿ ಪಕ್ಕಪಕ್ಕದಲ್ಲೇ ಕೂತಿವೆ!)

ಆಮೇಲೆ ‘ಹನಿಗಲ್ಲು’ ಹೊಳೆಯಿತು. ಕಿವಿಗೆ ಹಿತ, ಆದರೆ ಮಳೆಯ ಲೇಖನದಲ್ಲಿ ಓದಿದವರು ಆಲಿಕಲ್ಲು ಎಂದುಕೊಂಡಾರು. ಅಲ್ಲದೆ ಗೋಡೆಯ ಮೇಲೆ ತೆಳುವಾಗಿ ಹರಿದ ನೀರಿನಿಂದಲೂ ಹಾಸುಹಾಸಾಗಿ ಕಲ್ಲು ಬೆಳೆಯುತ್ತದೆ. ಅಲ್ಲಿ ಹನಿಯೇ ಇಲ್ಲ.

ಈಗ ಮನಸ್ಸು ‘ಒಸರುಗಲ್ಲು’ ಕಡೆಗಿದೆ; ಒಸರು ಎಂದರೆ ಜಿನುಗುವ ನೀರು. ಮಳೆನೀರು ಮಣ್ಣಿನಲ್ಲಿ ಇಂಗುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಹುಳಿಯಾಗುತ್ತದೆ, ಸುಣ್ಣಕಲ್ಲನ್ನು ಕರಗಿಸುತ್ತದೆ. ಗವಿಯ ಬಯಲಿಗೆ ಒಸರಿದಾಗ ಆ ಅನಿಲ ಹಾರಿಹೋಗಿ ಸುಣ್ಣದಂಶ ಗಟ್ಟಿಯಾಗಿ ಉಳಿಯುತ್ತದೆ. ಮಳೆಯ ಗುರುತು ಕಲ್ಲಿಗಿಳಿಯುವುದೂ ಈ ಒಸರಿನಿಂದಲೇ: ನಮ್ಮ ಕಡೆ ಮುಂಗಾರು ಜೋರಾಗಿದ್ದ ಕಾಲದಲ್ಲಿ ಬೆಳೆದ ಪದರದಲ್ಲಿ ಭಾರದ ಆಕ್ಸಿಜನ್ (ಅದೇ ಆಕ್ಸಿಜನ್ನಿನ ತುಸು ಹೆಚ್ಚು ತೂಕದ ಬಗೆ) ಕಡಿಮೆ, ಸೊರಗಿದ ಕಾಲದ್ದರಲ್ಲಿ ಹೆಚ್ಚು. ಪದರದ ವಯಸ್ಸು ಹೇಳುವುದೂ ಅದೇ ನೀರು. ಅದು ಯುರೇನಿಯಮ್ಮನ್ನು ಕರಗಿಸಿ ತರುತ್ತದೆ, ಥೋರಿಯಮ್ಮನ್ನು ತರುವುದಿಲ್ಲವೆಂದೇ ಹೇಳಬೇಕು. ಹಾಗಾಗಿ ಕಲ್ಲಿನಲ್ಲಿ ಸಿಗುವ ಥೋರಿಯಮ್ ಅಲ್ಲೇ ಯುರೇನಿಯಮ್ ಕ್ಷಯಿಸಿ ಹುಟ್ಟಿದ್ದು; ಅದನ್ನು ಅಳೆದು ವಯಸ್ಸು ಕಟ್ಟುತ್ತಾರೆ. ಚಿರಾಪುಂಜಿ ಹತ್ತಿರದ ಮಾಮ್ಲೂ ಗವಿಯ ಕಲ್ಲು ಸುಮಾರು 4200 ವರ್ಷ ಹಿಂದಿನ ಮಳೆಯ ಬರವನ್ನು ಹೇಳಿದ್ದು ಹೀಗೆ. 2018ರಲ್ಲಿ ಭೂವಿಜ್ಞಾನಿಗಳು ಆ ಬರದಿಂದ ಇಂದಿನವರೆಗಿನ ಭೂಚರಿತ್ರೆಯ ಕಾಲಘಟ್ಟಕ್ಕೆ ಮೇಘಾಲಯದ ಹೆಸರನ್ನೇ ಇಟ್ಟರು.

ನನ್ನ ಅನುಮಾನ ಇಷ್ಟೇ: ‘ಒಸರು’ ಕರಾವಳಿ, ಮಲೆನಾಡಿನವರಿಗೆ ಬಾಯಿಮಾತು. ಬಯಲುಸೀಮೆಯ ಮಕ್ಕಳಿಗೆ ತಿಳಿದೀತೇ?

ಇನ್ನು ಜೋಡಿಪದಗಳು. ಚಾವಣಿಯಿಂದ ಇಳಿಬಿದ್ದದ್ದು ಸ್ಟ್ಯಾಲಕ್ಟೈಟ್, ನೆಲದಿಂದೆದ್ದದ್ದು ಸ್ಟ್ಯಾಲಗ್ಮೈಟ್. ಮೊದಲನೆಯದಕ್ಕೆ ಆಲದ ಮರದಿಂದ ಕಡ ತಂದು ‘ಕಲ್ಬಿಳಲು’ ಎಂದಿದ್ದೇನೆ, ಅದನ್ನು ಬಿಟ್ಟುಕೊಡಲಾರೆ. ಎರಡನೆಯದೇ ಕಷ್ಟ. ‘ಸುಣ್ಣದ ಹುತ್ತ’ ಎಂದರೆ ಆಕಾರ ಸರಿ, ಆದರೆ ಹುತ್ತದೊಳಗೆ ಟೊಳ್ಳು, ಗೆದ್ದಲು, ಹಾವು. ದಾಂಡೇಲಿ ಬಳಿಯ ಕವಳಾ ಗುಹೆಯಲ್ಲಿ ಇಂಥದ್ದೇ ಕಲ್ಲಿಗೆ ಶಿವಲಿಂಗವೆಂದು ಪೂಜೆ ನಡೆಯುತ್ತದೆ. ಆ ಜಾಡಿನಲ್ಲಿ ‘ಉದ್ಭವಕಲ್ಲು’ ಎನ್ನೋಣವೆಂದರೆ, ಅದು ನೆಲದಿಂದ ತಾನಾಗಿ ಮೂಡಿತು ಎಂದಾಗುತ್ತದೆ. ಕಲ್ಲು ಮೇಲೇಳುತ್ತದೆ ನಿಜ, ಅದನ್ನು ಎಬ್ಬಿಸುವುದು ಮೇಲಿಂದ ಬಿದ್ದ ಹನಿ. ಸಂಶೋಧಕರು ಹೆಚ್ಚಾಗಿ ಅರಸುವುದೂ ಇದನ್ನೇ, ಬುಡದಿಂದ ತುದಿಗೆ ಪದರಗಳು ಸಾಲಾಗಿರುತ್ತವೆ ಎಂದು. ಹನಿಯೂ ಏರಿಕೆಯೂ ಎರಡೂ ಕಾಣುವ ಪದ ಯಾರಿಗಾದರೂ ಹೊಳೆದರೆ ತಿಳಿಸಿ.

ಕೊನೆಗೊಂದು. ಉತ್ತರ ಕನ್ನಡದ ಒಂದು ಗವಿಯ ಕಲ್ಲಿನಿಂದ 331 ವರ್ಷಗಳ ಮಳೆಯ ಚರಿತ್ರೆ ತೆಗೆದ ಪ್ರಬಂಧ 2004ರಲ್ಲಿ ಬಂತು. ಗವಿಯ ಹೆಸರು ಅದರಲ್ಲಿ ರೋಮನ್ ಲಿಪಿಯಲ್ಲಿದೆ, ಓದಿದರೆ ‘ಅಕಲಗವಿ’. ನನಗೆ ಅದು ‘ಆಕಳಗವಿ’ ಎಂದೇ ಕೇಳಿಸುತ್ತದೆ. ಆ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಲೇಖನದಲ್ಲಿ ಹೆಸರಾದರೂ ಸರಿಯಾಗಿರಲಿ.